ಬಿಟ್ಟು ಬಂದವಳು

ಕೌಂಟರಕ್ಕ ಗೇಟಿನ ಹತ್ತಿರ ಬಾಯಿ ಬಿಟ್ಟಿದ್ದೇ ತಪ್ಪಾಯಿತು. ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿ ಸುಮ್ಮನೆ ಒಳಗೆ ಹೋಗಿದ್ದರೆ ಆ ಒಂದು ದಿನ ಅವಳ ಪಾಲಿಗೆ ಉಳಿಯುತ್ತಿತ್ತು.

ಆದರೆ ಏರು ರಸ್ತೆ ತುಳಿದೂ ತುಳಿದೂ ಅವಳ ಎದೆ ಕಮ್ಮಾರನ ತಿದಿಯಂತಾಗಿತ್ತು. ಚಳಿಗಾಳಿಗೆ ಕಣ್ಣು, ಮೂಗು ಎರಡೂ ಪೈಪೋಟಿಯಲ್ಲಿ ಸುರಿಯುತ್ತಿದ್ದವು. ಬೆಟ್ಟದ ರಾಷ್ಟ್ರೀಯ ಉದ್ಯಾನದ ಗೇಟಿನ ಮುಂದೆ ಸೈಕಲ್ ನಿಲ್ಲಿಸಿ, ಹ್ಯಾಂಡಲಿನ ಮೇಲೆ ಒಣಹಾಕಿದ ಬೆಡ್‌ಶೀಟಿನ ಹಾಗೆ ಬಿದ್ದುಕೊಂಡಳು.

ದೊಡ್ಡ ಮೀಸೆಯ ಗಾರ್ಡ್ ಒಬ್ಬ ಟಿಕೆಟ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಎಷ್ಟು ಜನ?"

"ಒಬ್ಬಳೇ."

"ಒಬ್ರೇನಾ? ಯಜಮಾನ್ರು?"

"ಅವರನ್ನ... ಬಿಟ್ಟು ಬಂದೆ."

ಗಾರ್ಡ್‌ನ ಪೆನ್ನು ನಿಂತಿತು. "ಬಿಟ್ಟು ಬಂದ್ರಾ? ಮನೆ?"

"ಮನೆ ಬೆಳಿಗ್ಗೇನೇ ಬಿಟ್ಟೆ." ಅವಳು ತೋಳಿನಿಂದ ಕಣ್ಣು ಒರೆಸಿಕೊಂಡಳು. "ಇನ್ನೂ ಕತ್ತಲಿತ್ತು."

"ಹೇಳ್ದೆ ಕೇಳ್ದೆ?"

"ಹೇಳಿದೆ ಕಣ್ರೀ. ಅವರು ಕೇಳಿಸ್ಕೊಂಡ್ರೆ ತಾನೆ!"

"ಏನಾಯ್ತಕ್ಕ ಅಂಥದ್ದು?"

"ಏನೂ ಆಗಿಲ್ಲ. ಸಾಕಾಗಿತ್ತು, ಅಷ್ಟೆ."

"ಮತ್ತೆ ವಾಪಸ್ಸು?"

ಈ ಪ್ರಶ್ನೆಗೆ ಅವಳು ತಮಾಷೆಯಾಗಿಯೇ ಉತ್ತರಿಸಿದ್ದು. ಆದರೆ ತಮಾಷೆಗೂ ಒಂದಿಷ್ಟು ಉಸಿರು ಬೇಕಲ್ಲ. "ವಾಪಸ್ಸಿನ ಮಾತು ಮಾತ್ರ ಎತ್ಬೇಡಿ," ಎಂದ ಅವಳ ದನಿ ಅಳುವ ಹಾಗೆ ಕೇಳಿಸಿತು.

ಮೀಸೆ ಗಾರ್ಡ್ ಜ್ವರದ ಮಗುವನ್ನು ಮಾತಾಡಿಸುವ ಮೃದುದನಿಯಲ್ಲಿ, "ಮನೆಯವರ ಫೋನ್ ನಂಬರ್ ಒಂದು ಕೊಟ್ಟಿರಿ ಅಕ್ಕ, ಇಲ್ಲಿನ ರೂಲ್ಸು," ಎಂದ. ಗಂಡನ ನಂಬರು ಹೇಳಿ ಕೌಂಟರಕ್ಕ ಒಳಗೆ ಹೋದಳು. ಹಿಂದೆ ತಿರುಗಿ ನೋಡಿದ್ದರೆ, ಅವನು ವಾಕಿಟಾಕಿಯನ್ನು ಮೀಸೆಗೆ ಒತ್ತಿ ಹಿಡಿದು ಪಿಸುಗುಟ್ಟುತ್ತಿದ್ದದ್ದು ಕಾಣುತ್ತಿತ್ತು.

ದೊಡ್ಡಾಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂರುವ ಅವಳಿಗೆ ಕೌಂಟರಕ್ಕ ಎಂಬ ಹೆಸರು ಅಂಟಿ ಎಷ್ಟೋ ಕಾಲವಾಗಿತ್ತು. ಎಕ್ಸ್‌ರೇ ಎಲ್ಲಿ, ಮೂಳೆ ಡಾಕ್ಟ್ರು ಬಂದ್ರಾ, ನಮ್ಮಜ್ಜಿ ಯಾವ ವಾರ್ಡು ಎಂದು ಇಡೀ ದಿನ ಊರಿಗೆ ಊರೇ ಅವಳನ್ನು ಕೇಳುತ್ತಿತ್ತು. ಸಂಜೆ ಮನೆಗೆ ಬಂದರೆ ಅಲ್ಲೂ ಒಂದು ಕೌಂಟರ್. ಗಂಡ ಕೆಟ್ಟವನಲ್ಲ, ಬೈದವನಲ್ಲ, ಕುಡಿದವನಲ್ಲ. ಆದರೆ ಅವನು ಯಾವುದನ್ನೂ ಹುಡುಕುತ್ತಿರಲಿಲ್ಲ, ಕೇಳುತ್ತಿದ್ದ. ಮೂಗಿನ ಮೇಲಿರುವ ಕನ್ನಡಕವನ್ನೂ ಅವಳನ್ನೇ ಕೇಳುತ್ತಿದ್ದ. ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಒಂದೇ ಒಂದು ದಿನ ಎಂಬುದು ವರ್ಷಗಳಿಂದ ಅವಳ ಒಳಗೆ ನುಂಗಲಾಗದ ಮಾತ್ರೆಯಂತೆ ಸಿಕ್ಕಿಕೊಂಡಿತ್ತು. ಅದಕ್ಕೇ ಮಗಳ ಹಳೇ ಸೈಕಲ್ಲಿಗೆ ಎಣ್ಣೆ ಬಿಟ್ಟು, ಒಬ್ಬರಷ್ಟೇ ಹಿಡಿಯುವ ಡೇರೆ ತಂದು, "ನಾಳೆ ಒಬ್ಬಳೇ ಬೆಟ್ಟಕ್ಕೆ ಹೋಗ್ತಿದೀನಿ, ಅಲ್ಲೇ ಉಳ್ಕೋತೀನಿ," ಎಂದು ಗಂಡನಿಗೆ ಹೇಳಿದ್ದಳು. ಅವನು ಪೇಪರಿನ ಹಿಂದಿನಿಂದ "ಹೂಂ" ಎಂದಿದ್ದ. ಆ ಹೂಂ ಎಷ್ಟು ಟೊಳ್ಳು ಎಂಬುದು ಅವಳಿಗೂ ಗೊತ್ತಿತ್ತು. ಆದರೂ ಹೂಂ ಹೂಂ ತಾನೆ!

ಮೊದಲ ತಿರುವು ದಾಟಿದಾಗ ನಿಜಕ್ಕೂ ಯಾರೂ ಇರಲಿಲ್ಲ. ಮರಗಳು ಏನನ್ನೂ ಕೇಳಲಿಲ್ಲ. ಒಂದು ಹಕ್ಕಿ ಕೂಗಿತು, ಆದರೆ ಅವಳನ್ನಲ್ಲ. ಕೌಂಟರಕ್ಕನ ಹೆಗಲು ತಾನಾಗಿಯೇ ಇಳಿಯಿತು.

ಅಷ್ಟರಲ್ಲಿ ಹಿಂದಿನಿಂದ ಬೈಕಿನ ಸದ್ದು. ದಾರಿ ಬಿಟ್ಟಳು. ಬೈಕು ಮುಂದೆ ಹೋಗಲಿಲ್ಲ. ನಿಂತಳು. ಅದೂ ನಿಂತಿತು.

"ನೀವು ತುಳೀರಿ ಅಕ್ಕ. ನಾನು ಸುಮ್ನೆ ಬರ್ತಿದೀನಿ," ಎಂದ ಬೈಕಿನ ಮೇಲಿದ್ದ ಇನ್ನೊಬ್ಬ ಗಾರ್ಡ್.

"ಯಾಕೆ?"

"ಯಾಕೂ ಇಲ್ಲ. ಮುಂದೆ ಎಡಕ್ಕೆ ಕಣಿವೆ ಇದೆ. ನೀವು ಬಲಕ್ಕೇ ನೋಡ್ಕೊಂಡು ಹೋಗಿ."

"ಕಣಿವೆ ನೋಡೋಕೇ ಬಂದಿರೋದು ನಾನು."

ಬೈಕ್ ಗಾರ್ಡ್‌ನ ಮುಖ ಬಿಳಿಚಿಕೊಂಡಿತು. ಗಾಡಿಯನ್ನು ಅವಳ ಎಡಕ್ಕೆ ತಂದು, ಕಣಿವೆಗೂ ಅವಳಿಗೂ ನಡುವೆ ಬೇಲಿಯ ಹಾಗೆ ಓಡಿಸತೊಡಗಿದ. ಮುಂದಿನ ದಾರಿಯುದ್ದಕ್ಕೂ ಕೌಂಟರಕ್ಕ ನೋಡಿದ್ದು ಕಣಿವೆಯನ್ನಲ್ಲ, ಹೆಲ್ಮೆಟ್ಟಿನೊಳಗಿನ ಒಂದು ಆತಂಕದ ಮೂಗನ್ನು. ಕುಡಿದದ್ದು ಬೆಟ್ಟದ ಗಾಳಿಯನ್ನಲ್ಲ, ಪೆಟ್ರೋಲ್ ಹೊಗೆಯನ್ನು. "ಜೀವನದಲ್ಲಿ ಎಲ್ಲಾ ಸರಿಹೋಗುತ್ತೆ ಅಕ್ಕ," ಎಂದು ಅವನು ಪ್ರತಿ ತಿರುವಿನಲ್ಲೂ ಹೇಳುತ್ತಿದ್ದ.

ಶಿಖರದ ಕೆಳಗಿನ ಟೀ ಅಂಗಡಿಗೆ ವಾಕಿಟಾಕಿಯ ಸುದ್ದಿ ಅವಳಿಗಿಂತ ಮೊದಲೇ ತಲುಪಿತ್ತು. ಅವಳು ಇಳಿದಾಗ, ಅಂಗಡಿಯ ಅಜ್ಜಿ ಓಡಿಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ಬಾ ತಾಯಿ, ಕೂತ್ಕೋ. ಹೊಡೀತಾನಾ?"

"ಯಾರು?"

"ನಿನ್ ಗಂಡ."

"ಅಯ್ಯೋ, ಇಲ್ಲಪ್ಪ! ಅವರು ಸೊಳ್ಳೆ ಹೊಡೆಯೋಕೂ ನನ್ನೇ ಕರೀತಾರೆ."

ಅಜ್ಜಿ ಬೈಕ್ ಗಾರ್ಡ್‌ನ ಕಡೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೋಡಪ್ಪ, ಬಿಟ್ಟು ಬಂದ್ರೂ ಗಂಡನ್ನ ಬಿಟ್ಟುಕೊಡಲ್ಲ ಅಂತಾಳೆ. ಇಂಥ ಹೆಂಗಸಿಗೆ ಈ ಗತಿ!"

ಆಗ ಕೌಂಟರಕ್ಕನಿಗೆ ಬೆಟ್ಟವೇ ತಲೆಯ ಮೇಲೆ ಕೂತಂತಾಯಿತು. "ಅಜ್ಜಿ, ನಾನು ಗಂಡನ್ನ ಬಿಟ್ಟಿಲ್ಲ. ಮನೇಲಿ ಬಿಟ್ಟು ಬಂದಿದೀನಿ ಅಷ್ಟೆ!"

"ಅದೇ ತಾಯಿ, ಅದೇ."

"ಅದಲ್ಲ! ಒಂದು ದಿನದ ಮಟ್ಟಿಗೆ ಬಿಟ್ಟಿದೀನಿ!"

"ಮೊದಲು ಎಲ್ರೂ ಹಾಗೇ ಅನ್ಕೊಂಡೇ ಬಿಡೋದು," ಎಂದು ಅಜ್ಜಿ ಟೀಗೆ ಸಕ್ಕರೆ ಜಾಸ್ತಿ ಹಾಕಿದಳು.

ಪಕ್ಕದ ಬೆಂಚಿನಲ್ಲಿ ಪ್ರವಾಸಕ್ಕೆ ಬಂದಿದ್ದ ಒಬ್ಬ ವಕೀಲರು ಕೂತಿದ್ದರು. ಬಾಯಲ್ಲಿದ್ದ ಬಿಸ್ಕತ್ತನ್ನು ಅವಸರದಲ್ಲಿ ನುಂಗಿ, "ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ ಮೇಡಂ," ಎಂದರು. "ನೀವು ಮಾಡಿದ್ದು ಪೂರ್ತಿ ತಪ್ಪು."

ಸದ್ಯ, ತಿಳಿವಳಿಕಸ್ಥರೊಬ್ಬರು ಸಿಕ್ಕರು ಎಂದು ಅವಳು ಅವರ ಕಡೆ ತಿರುಗಿದಳು.

"ಮನೆ ನೀವು ಬಿಡಬಾರದಿತ್ತು. ಅವರನ್ನ ಬಿಡಿಸಬೇಕಿತ್ತು. ಈಗ ಕೇಸು ಸ್ವಲ್ಪ ಸಡಿಲ ಆಯ್ತು. ಪರವಾಗಿಲ್ಲ, ಬಿಗಿ ಮಾಡೋಣ."

ಕೌಂಟರಕ್ಕ ಟೀ ಅರ್ಧಕ್ಕೇ ಬಿಟ್ಟು ಎದ್ದಳು. ಮನೆಗೆ ಫೋನ್ ಮಾಡಿ, ಗಂಡನ ಬಾಯಿಂದಲೇ ಇವರಿಗೆಲ್ಲ ಹೇಳಿಸೋಣವೆಂದರೆ ಮೊಬೈಲಿನ ಸಿಗ್ನಲ್ ಸತ್ತಿತ್ತು. ಮಾತಾಡದೆ ಸೈಕಲ್ ಹತ್ತಿದಳು. ಮಾತಾಡದಿದ್ದದ್ದಕ್ಕೆ "ಪಾಪ, ಒಳಗೇ ನುಂಗ್ಕೋತಿದಾರೆ" ಎಂದಾಯಿತು. ಸಿಟ್ಟಿನಿಂದ ಪೆಡಲ್ ಜೋರಾಗಿ ತುಳಿದಳು. ಅದಕ್ಕೆ "ಹಿಡೀರಿ, ಹಿಡೀರಿ" ಎಂದಾಯಿತು. ಬೈಕು, ಅದರ ಹಿಂದೆ ವಕೀಲರ ಕಾರು, ಕಾರಿನಲ್ಲಿ ಟೀ ಕೆಟಲ್ ಸಮೇತ ಅಜ್ಜಿ. ಮಂತ್ರಿಯ ಸವಾರಿ ಹೊರಟ ಹಾಗೆ ಇಡೀ ದಂಡು ಅವಳ ಹಿಂದೆ ಕ್ಯಾಂಪಿನ ಬಯಲಿಗೆ ಬಂದಿಳಿಯಿತು.

ಬಯಲು ಎಷ್ಟು ಚೆನ್ನಾಗಿತ್ತೆಂದರೆ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅಂಚಿನಲ್ಲಿ ತೊರೆ, ಅದರಾಚೆ ಸಾಲುಸಾಲು ನೀಲಿ ಬೆಟ್ಟ. ತೊರೆಯ ಪಕ್ಕದಲ್ಲಿ ಡೇರೆಯ ಮೊದಲ ಗೂಟ ನೆಟ್ಟಳು. ಎರಡನೆಯದನ್ನು ನೆಡುವಷ್ಟರಲ್ಲಿ ಬೈಕ್ ಗಾರ್ಡ್ ಮೊದಲನೆಯದನ್ನು ಕಿತ್ತಿದ್ದ.

"ನೀರಿನ ಹತ್ತಿರ ಬೇಡ ಅಕ್ಕ. ನಮ್ಮ ಆಫೀಸ್ ಬಾಗಿಲ ಮುಂದೆ ಹಾಕೋಣ. ನಾವೆಲ್ಲಾ ಸುತ್ತ ಇರ್ತೀವಿ."

"ನನಗೆ ಯಾರೂ ಬೇಡ!" ಅವಳು ಕಿರುಚಿದಳು. "ನಾನು ಒಬ್ಬಳೇ ಇರೋಕೆ ಬಂದಿದ್ದು! ನನ್ನನ್ನ ನನ್ನಷ್ಟಕ್ಕೆ ಬಿಟ್ಟುಬಿಡಿ!"

ಎಲ್ಲರೂ ತಲೆ ತಗ್ಗಿಸಿದರು. ಅಜ್ಜಿ ಮೆಲ್ಲಗೆ ಅವಳ ಬೆನ್ನು ಸವರಿ, "ಅತ್ತುಬಿಡು ತಾಯಿ," ಎಂದಳು.

ಅಷ್ಟರಲ್ಲಿ ಕೆಳಗಿನಿಂದ ಉದ್ಯಾನದ ಜೀಪು ಏದುಸಿರು ಬಿಡುತ್ತಾ ಬಂತು. ಮುಂದೆ ಮೀಸೆ ಗಾರ್ಡ್. ಹಿಂದಿನ ಸೀಟಿನಿಂದ ಇಳಿದದ್ದು, ಶರಟು ಉಲ್ಟಾ ಹಾಕಿಕೊಂಡಿದ್ದ ಅವಳ ಗಂಡ.

"ನಾನೇ ಫೋನ್ ಮಾಡಿ ಕರೆಸಿದೆ," ಎಂದು ಮೀಸೆ ಗಾರ್ಡ್ ಎದೆಯುಬ್ಬಿಸಿದ. "'ನಿಮ್ಮ ಹೆಂಡ್ತಿ ನಿಮ್ಮನ್ನ ಬಿಟ್ಟು ಬಂದಿದಾರೆ' ಅಂದೆ. ಪಾಪ, ಯಾಕೆ ಅಂತಾನೂ ಕೇಳ್ಲಿಲ್ಲ."

ಬದುಕಿದೆ ಎಂದುಕೊಂಡಳು ಕೌಂಟರಕ್ಕ. ಗಂಡ ಬಾಯಿ ತೆಗೆದು ಇದೆಲ್ಲ ತಪ್ಪು ತಿಳಿವಳಿಕೆ ಎಂದುಬಿಟ್ಟರೆ ಈ ದಂಡು ಕರಗುತ್ತದೆ, ಸಂಜೆಯಾದರೂ ತನ್ನದಾಗುತ್ತದೆ. "ರೀ, ಇವರಿಗೆ ಸ್ವಲ್ಪ ಹೇಳ್ರೀ," ಎಂದಳು.

ಗಂಡ ಎಲ್ಲರ ಮುಂದೆ ಕೈ ಮುಗಿದುಬಿಟ್ಟ. "ಹೇಳ್ತೀನಿ ಕಣೇ. ನಿನಗೆ ಬೇರೆಯವರಿಂದ ಗೊತ್ತಾಗೋ ಮುಂಚೆ ನಾನೇ ಹೇಳ್ಬೇಕಿತ್ತು. ತಪ್ಪಾಯ್ತು."

ವಕೀಲರು ಒಂದು ಹೆಜ್ಜೆ ಹತ್ತಿರ ಬಂದರು. ಅಜ್ಜಿ ಕೆಟಲ್ ಕೆಳಗಿಟ್ಟಳು.

ಕೌಂಟರಕ್ಕನಿಗೆ ಏನೊಂದೂ ಗೊತ್ತಿರಲಿಲ್ಲ. ಆದರೆ ಕೌಂಟರಿನಲ್ಲಿ ಕೂತ ಅಭ್ಯಾಸ ಸುಮ್ಮನೆ ಹೋಗುತ್ತದೆಯೇ! ಮುಖ ಬಿಗಿದುಕೊಂಡು, "ನಿಮ್ಮ ಬಾಯಲ್ಲೇ ಬರ್ಲಿ," ಎಂದಳು.

"ಬೈಬಾರದು."

"ಯಾರ್ರೀ ಅವಳು?" ಎಂದು ಅಜ್ಜಿ ನಡುವೆ ಗುಡುಗಿದಳು.

"ಛೇ ಛೇ, ಅವಳೂ ಇಲ್ಲ ಇವಳೂ ಇಲ್ಲ!" ಗಂಡ ಬೆವರು ಒರೆಸಿಕೊಂಡ. "ಕೆಲಸ ಬಿಟ್ಟೆ."

ಕೌಂಟರಕ್ಕನಿಗೆ ನಗು ಬರುವಷ್ಟು ಸಮಾಧಾನವಾಯಿತು. ಇವರಿಗೂ ಅದೇ 'ಬಿಟ್ಟೆ' ರೋಗ ತಗುಲಿದೆ! ಈಗ ತಿದ್ದುವ ಸರದಿ ಅವಳದು. "ಹಾಗಂದ್ರೆ ಬೇರೆ ಅರ್ಥ ಬರುತ್ತೆ ರೀ. ಫೋನ್ ಬಂದ ತಕ್ಷಣ ಕೆಲಸ ಅರ್ಧಕ್ಕೆ ಬಿಟ್ಟು ಓಡಿಬಂದೆ ಅನ್ನಿ."

"ಅಲ್ವೇ. ಪೂರ್ತಿ ಬಿಟ್ಟೆ. ಸ್ವಯಂನಿವೃತ್ತಿ. ನಿನ್ನೆಯೇ ಕೊನೇ ದಿನ. ಹಾರ ಕೂಡ ಹಾಕಿದ್ರು, ಡ್ರಾಯರಲ್ಲೇ ಬಿಟ್ಟು ಬಂದೆ. ಇಷ್ಟು ವರ್ಷ ನಿನ್ನ ಜೊತೆ ಕೂತು ನೆಮ್ಮದಿಯಾಗಿ ನಾಲ್ಕು ಮಾತಾಡಿಲ್ಲ ಅಂತ ನನಗೆ ಕೊರಗು. ಇನ್ನು ಬೆಳಿಗ್ಗೆಯಿಂದ ಸಂಜೆ ತನಕ ನಾನು ಮನೇಲೇ."

"ಸಂಜೆ ತನಕ," ಎಂದಳು ಅವಳು.

"ನೀನು ಡ್ಯೂಟಿಗೆ ಹೋದಾಗ ಬೇಜಾರಾಗುತ್ತಲ್ಲ, ಅದಕ್ಕೂ ಯೋಚ್ನೆ ಮಾಡಿದೀನಿ. ನಿನ್ನ ಕೌಂಟರ್ ಪಕ್ಕದಲ್ಲಿ ಬೆಂಚಿದೆಯಲ್ಲ, ಅಲ್ಲಿ ಬಂದು ಕೂರ್ತೀನಿ."

ಕೌಂಟರಕ್ಕನ ಕಣ್ಣಿಂದ ಈ ಸಲ ನಿಜವಾದ ನೀರು ಬಂತು. ಚಳಿಗಾಳಿಯದ್ದಲ್ಲ. ಮೊದಲು ಅಜ್ಜಿ ಚಪ್ಪಾಳೆ ತಟ್ಟಿದಳು, ಆಮೇಲೆ ಉಳಿದವರು. "ನೋಡ್ರಪ್ಪ, ಹೇಗೆ ಅಳ್ತಿದಾಳೆ! ಒಂದು ಸಂಸಾರ ಉಳೀತು," ಎಂದಳು. ಬೈಕ್ ಗಾರ್ಡ್ ಹೆಲ್ಮೆಟ್ ತೆಗೆದು ಕಣ್ಣು ಒರೆಸಿಕೊಂಡ. ಕೇಸು ಕೈತಪ್ಪಿದ ವಕೀಲರೊಬ್ಬರೇ ಅವಳಷ್ಟು ದುಃಖದಲ್ಲಿದ್ದವರು.

ಗಂಡ ಆಗಲೇ ಅವಳ ಸೈಕಲ್ಲಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದ. "ಚೆನ್ನಾಗಿದೆಯಲ್ಲೇ ಇದು! ಇಬ್ಬರು ತುಳಿಯೋದು ಬರುತ್ತಾ ಇದರಲ್ಲಿ?"

"ಬರುತ್ತೆ ಸಾರ್," ಎಂದ ಮೀಸೆ ಗಾರ್ಡ್. "ಒಂದರ ಹಿಂದೆ ಒಂದು ಸೀಟು. ಇಲ್ಲಿಗೆ ಎಷ್ಟೋ ಗಂಡ ಹೆಂಡ್ತಿ ಅದರಲ್ಲೇ ಬರ್ತಾರೆ."

"ಹಾಗಾದ್ರೆ ಅದನ್ನೇ ತಗೊಳ್ಳೋಣ ಕಣೇ," ಎಂದ ಗಂಡ, ಮುಖವೆಲ್ಲ ಬೆಳಕಾಗಿ. "ಮುಂದೆ ನೀನೇ ಕೂತ್ಕೋ. ನಾನು ಹಿಂದೆ ಕೂತು ಮಾತಾಡ್ತಾ ಬರ್ತೀನಿ."