ಮೀನುಹಲಗೆಯ ಬಾಲ

ನೀರಿಗೆ ಇಳಿಯದವರಿಗೇ ನೀರಿನ ಬಗ್ಗೆ ಮಾತು ಜಾಸ್ತಿ. ಯಾರನ್ನೋ ಆಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ, ನನ್ನನ್ನೇ ಕುರಿತು ಹೇಳುತ್ತಿದ್ದೇನೆ. ನಾನು ಮೀನುಗಾರಿಕೆ ಇಲಾಖೆಯಲ್ಲಿ ಇಪ್ಪತ್ತೆರಡು ವರ್ಷ ಸೇವೆ ಸಲ್ಲಿಸಿದವನು, ನನಗೆ ಈಜು ಬರುವುದಿಲ್ಲ. ಇಲಾಖೆಯ ಯಾವ ಪರೀಕ್ಷೆಯಲ್ಲೂ ಯಾರೂ ಆ ಪ್ರಶ್ನೆ ಕೇಳಲಿಲ್ಲ, ನಾನಾಗಿ ಹೇಳಿಕೊಳ್ಳಲೂ ಇಲ್ಲ. ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ ಆರು ವರ್ಷ ಕೆಲಸ ಮಾಡಿದಾಗಲೂ ನನ್ನ ಪ್ಯಾಂಟು ಮಂಡಿಯ ಮೇಲೆ ಒದ್ದೆಯಾದದ್ದು ಮಳೆಯಿಂದ ಮಾತ್ರ. ಅಲೆ ನನ್ನ ಕಡೆಗೆ ಎರಡು ಹೆಜ್ಜೆ ಬಂದರೆ ನಾನು ನಾಲ್ಕು ಹೆಜ್ಜೆ ಹಿಂದೆ ಹೋಗುತ್ತಿದ್ದೆ. ಹೀಗೆ ನಾವಿಬ್ಬರೂ ಪರಸ್ಪರ ಗೌರವದಿಂದ ಇದ್ದೆವು.

ನನ್ನ ಮಗಳು ಶೈಲಾ ಹಾಗಲ್ಲ. ಹತ್ತು ವರ್ಷದವಳಾಗಿ ಆ ಊರಿಗೆ ಬಂದವಳು ಮೂರು ತಿಂಗಳಲ್ಲಿ ಈಜು ಕಲಿತಳು. ನಮ್ಮ ಪಕ್ಕದ ಮನೆಯ ವಾಮನಣ್ಣ ದೋಣಿ ರಿಪೇರಿ ಮಾಡುವವರು. ಯಾರೋ ಹೊರದೇಶದವನು ಬಿಟ್ಟುಹೋಗಿದ್ದ ಮುರುಕು ಸರ್ಫ್ ಬೋರ್ಡೊಂದನ್ನು ಅವರು ಫೈಬರ್ ಹಚ್ಚಿ ಸರಿಮಾಡಿಕೊಂಡಿದ್ದರು. ಅಲೆಯ ಮೇಲೆ ನಿಂತು ದಡಕ್ಕೆ ಬರುವ ಹಲಗೆ ಅದು. ವಾಮನಣ್ಣನ ಮಗಳು, ನನ್ನ ಮಗಳು ಇಬ್ಬರೂ ಸರದಿಯ ಮೇಲೆ ಅದನ್ನೇರಿ ಕಲಿತರು. ಶೈಲಾ ಅಲೆಯ ಮೇಲೆ ನಿಂತಾಗ ನಾನು ಮರಳಿನ ಮೇಲೆ ಅವಳ ಚಪ್ಪಲಿ ಹಿಡಿದುಕೊಂಡು ನಿಂತಿರುತ್ತಿದ್ದೆ. ಚಪ್ಪಲಿಯನ್ನು ಯಾರೂ ಕದಿಯುತ್ತಿರಲಿಲ್ಲ. ಆದರೆ ಕೈಯಲ್ಲಿ ಏನಾದರೂ ಹಿಡಿದುಕೊಳ್ಳದೆ ಆ ದೃಶ್ಯ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಅಲ್ಲಿಂದ ನಾನು ವರ್ಗ ಕೇಳಿದೆ. ಒಂದು ಸಲವಲ್ಲ, ಮೂರು ವರ್ಷ ಬಿಡದೆ ಕೇಳಿದೆ. ಕಾರಣವೇನೂ ದೊಡ್ಡದಲ್ಲ. ಸೆಕೆ ತಡೆಯಲಾಗುತ್ತಿರಲಿಲ್ಲ, ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಒಣಗಲು ಹಾಕಿದ ಬಟ್ಟೆ ಎರಡು ದಿನವಾದರೂ ತಣ್ಣಗೇ ಇರುತ್ತಿತ್ತು. ಚಳ್ಳಕೆರೆಗೆ ವರ್ಗವಾದ ಆದೇಶ ಬಂದ ದಿನ ನಾನು ಪೇಡ ತಂದು ಓಣಿಗೆಲ್ಲ ಹಂಚಿದೆ. ಶೈಲಾ ತನ್ನ ಪಾಲಿನ ಪೇಡವನ್ನು ಕೈಗೆ ತೆಗೆದುಕೊಂಡು, ನೋಡಿ, ಮತ್ತೆ ಡಬ್ಬಿಯಲ್ಲಿಟ್ಟು “ಪರವಾಗಿಲ್ಲ ಬಿಡಪ್ಪ” ಅಂದಳು. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ರೇಗಿದ್ದರೆ ನಾನೂ ರೇಗಬಹುದಿತ್ತು. “ಪರವಾಗಿಲ್ಲ” ಅಂದವರಿಗೆ ಏನು ಹೇಳುವುದು? ಸಾಮಾನೆಲ್ಲ ಲಾರಿಗೆ ಏರಿ, ಹೊರಡುವ ಹೊತ್ತಿನಲ್ಲಿ ಆ ಮೌನ ತಡೆಯಲಾರದೆ ನಾನು ಒಂದು ಮಾತು ಕೊಟ್ಟುಬಿಟ್ಟೆ. “ನಿಂದೇ ಅಂತ ಒಂದು ಹಲಗೆ ಮಾಡಿಸಿಕೊಡ್ತೀನಿ. ಬರೋ ಬೇಸಿಗೆ ರಜಕ್ಕೆ ತಗಂಡು ವಾಮನಣ್ಣನ ಮನೆಗೆ ಬಾ, ಒಂದು ತಿಂಗಳು ಇರು.” ಅವಳು ಮೊದಲ ಸಲ ನನ್ನ ಮುಖ ನೋಡಿ “ನಿಜವಾಗ್ಲೂ?” ಅಂದಳು. ನಿಜವಾಗಲೂ ಅಂದೆ. ಸರ್ಕಾರಿ ನೌಕರರು ಬಾಯಿಮಾತಿನಲ್ಲಿ ಏನನ್ನೂ ಒಪ್ಪಿಕೊಳ್ಳಬಾರದು ಎಂಬುದು ನನಗೆ ಗೊತ್ತಿರಬೇಕಿತ್ತು.

ಚಳ್ಳಕೆರೆಗೆ ಬಂದ ಮೇಲೆ ನನಗೆ ಕೆಲಸಕ್ಕಿಂತ ವಿರಾಮ ಹೆಚ್ಚಾಯಿತು. ತಾಲೂಕಿನ ಕೆರೆಗಳಲ್ಲಿ ಆ ವರ್ಷ ಮೀನು ಬಿಡುವುದಿರಲಿ, ಎಮ್ಮೆ ಮೈ ತೊಳೆಯುವಷ್ಟೂ ನೀರಿರಲಿಲ್ಲ. ನಮ್ಮ ಕಚೇರಿಯ ಹಿಂದಿನ ಸಿಮೆಂಟು ತೊಟ್ಟಿಯಲ್ಲಿ ಮಾತ್ರ ಒಂದಿಷ್ಟು ನೀರು ನಿಂತಿರುತ್ತಿತ್ತು. ನಾನು ವಾಮನಣ್ಣನಿಗೆ ಕಾಗದ ಬರೆದೆ. ಅವರು ನಾಲ್ಕು ಪುಟದ ಉತ್ತರ ಬರೆದು, ಅಳತೆ ಹಾಕಿದ ಚಿತ್ರವನ್ನೂ ಕಳಿಸಿದರು. “ನಿಮ್ಮ ಮಗಳಿಗೆ ಮೀನುಹಲಗೆಯೇ ಸರಿ ಮಾರಾಯ್ರೇ. ಉದ್ದದ್ದು ಬೇಡ, ಅವಳು ಇರುವುದು ಇಷ್ಟೇ, ತಿರುಗಿಸ್ಲಿಕ್ಕೆ ಆಗುವುದಿಲ್ಲ. ಸಪೂರ ಚೂಪಿನದ್ದೂ ಬೇಡ, ಅದಕ್ಕೆ ಜೋರು ಅಲೆ ಬೇಕು, ನಮ್ಮಲ್ಲಿಯ ಅಲೆ ಉದಾಸೀನದ್ದು. ಮೀನುಹಲಗೆ ಗಿಡ್ಡ, ಅಗಲ, ದಪ್ಪ. ಹೊಟ್ಟೆ ಚಪ್ಪಟೆ. ಹಾಗಾಗಿ ಸಣ್ಣ ಅಲೆಯಲ್ಲಿಯೂ ನಿಲ್ಲದೆ ಓಡ್ತದೆ. ಮೂತಿ ಜಾಸ್ತಿ ಮೇಲೆ ಎತ್ತಿರುವುದಿಲ್ಲ, ಕಡಿದಾದ ಅಲೆಯಲ್ಲಿ ಮುಳುಗ್ತದೆ, ಅದನ್ನು ಅವಳು ನೋಡಿಕೊಳ್ತಾಳೆ. ಮುಖ್ಯ ಬಾಲ. ಬಾಲ ಎರಡಾಗಿ ಸೀಳಿರಬೇಕು. ತಿರುಗುವಾಗ ಆಚೆಯದೋ ಈಚೆಯದೋ ಒಂದು ತುದಿ ನೀರನ್ನು ಕಚ್ಚಿ ಹಿಡಿಯಬೇಕು. ಅಡಿಯ ಎರಡು ರೆಕ್ಕೆ ನಾನು ಕೂರಿಸ್ತೇನೆ, ಫೈಬರೂ ನಾನೇ ಹಚ್ತೇನೆ. ಮರ ಮಾತ್ರ ನೀವು ಮಾಡಿಸಿ.”

ಈ ಕಾಗದವನ್ನು ನಾನು ಇಲಾಖೆಯ ಸುತ್ತೋಲೆಗಿಂತ ಶ್ರದ್ಧೆಯಿಂದ ಓದಿದೆ. ರಟ್ಟಿನಲ್ಲಿ ಅಂಗೈಯಗಲದ ಮೀನುಗಳನ್ನು ಕತ್ತರಿಸಿ, ಮೇಣ ಸವರಿ, ತೊಟ್ಟಿಯಲ್ಲಿ ತೇಲಿಬಿಟ್ಟು ಪ್ಲಾಸ್ಟಿಕ್ ತಟ್ಟೆಯಿಂದ ಅಲೆ ಎಬ್ಬಿಸಿದೆ. ಒಂದು ಮಧ್ಯಾಹ್ನ ಹೀಗೆ ಕುಕ್ಕರುಗಾಲಲ್ಲಿ ಕೂತು ಅಲೆ ಎಬ್ಬಿಸುತ್ತಿದ್ದಾಗ ನನ್ನಿವಾಳ ಎಂಬ ಹಳ್ಳಿಯ ಬೋರಯ್ಯ ಬಂದ. ಅವನು ಕುರಿ ಕಾಯುವವನು, ಪೇಟೆಗೆ ಬಂದಾಗೆಲ್ಲ ನಮ್ಮ ಕಚೇರಿಯ ನೆರಳಲ್ಲಿ ಕೂತು ಬೀಡಿ ಸೇದಿ ಹೋಗುವುದು ವಾಡಿಕೆ. ಬಹಳ ಹೊತ್ತು ನೋಡಿ, “ಏನ್ ಸಾರ್ ಇದು?” ಅಂದ. “ನೀರಿನ ಮ್ಯಾಲೆ ನಿಂತ್ಕಂಡು ಹೋಗೋ ಹಲಗೆ. ಮಾಡಿಸ್ಬೇಕು ಅಂತ ನೋಡ್ತಾ ಇದೀನಿ” ಅಂದೆ. ಬೋರಯ್ಯ ಬೀಡಿ ಆರಿಸಿ ಎದ್ದು ನಿಂತ. “ಅಂದ್ರೆ ನಮ್ ಕೆರೆಗೆ ನೀರು ಬರ್ತೈತೆ ಅನ್ರಿ!” ನಾನು ಇಲ್ಲ ಎಂದು ವಿವರಿಸುವಷ್ಟರಲ್ಲಿ ಅವನು ಬಸ್‌ ಸ್ಟ್ಯಾಂಡಿನ ದಾರಿ ಹಿಡಿದಿದ್ದ. ಮುಂದಿನ ವಾರ ನಾಲ್ಕು ಜನ ಬಂದು, ನೀರು ಯಾವ ಕಡೆಯಿಂದ ಬರುತ್ತದೆ, ಕೆರೆಯಂಗಳದಲ್ಲಿ ಹಾಕಿದ ಶೇಂಗಾ ಕೀಳಬೇಕೋ ಎಂದು ಕೇಳಿದರು. ಅವರ ಮುಖದಲ್ಲಿದ್ದ ಆಸೆ ನೋಡಿ ನನಗೆ ನಗು ಬರಲಿಲ್ಲ. ಇಲಾಖೆಗೆ ಸೇರಿದ ಮೇಲೆ ನನ್ನ ಮಾತನ್ನು ಜನ ಅಷ್ಟು ನಂಬಿದ್ದು ಅದೇ ಮೊದಲು, ಅದೂ ನಾನು ಹೇಳದೇ ಇದ್ದ ಮಾತನ್ನು.

ಹಲಗೆ ಮಾಡಲು ನಾನು ಆರಿಸಿದ್ದು ಮೊಳಕಾಲ್ಮೂರಿನ ಓಬಳಾಚಾರಿಯನ್ನು. ರೇಷ್ಮೆ ಸೀರೆ ನೇಯುವ ಮಗ್ಗಗಳನ್ನು ಮಾಡುವುದು, ಕೆಟ್ಟರೆ ಸರಿಮಾಡುವುದು ಅವರ ಕಸುಬು. ಅವರು ಕಡೆದ ಲಾಳಿ, ಮಗ್ಗದ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಒಂದು ನೂಲನ್ನೂ ತಾಕದೆ ಓಡುತ್ತದೆ ಎಂದು ನೇಕಾರರು ಹೇಳುತ್ತಿದ್ದರು. ಕಿಟಕಿ ಬಾಗಿಲು ಮಾಡುವ ಬಡಗಿಗಳು ಚಳ್ಳಕೆರೆಯಲ್ಲೇ ಬೇಕಾದಷ್ಟಿದ್ದರು. ಆದರೆ ಬಾಗಿಲು ಇದ್ದಲ್ಲೇ ಇರುವ ವಸ್ತು. ನನಗೆ ಓಡುವ ವಸ್ತು ಮಾಡಿ ಗೊತ್ತಿರುವವರು ಬೇಕಾಗಿತ್ತು. ಬಸ್ಸು ತಳಕು ಊರನ್ನು ದಾಟಿ ಮೊಳಕಾಲ್ಮೂರು ಮುಟ್ಟುವವರೆಗೂ ನನ್ನ ಈ ಬುದ್ಧಿವಂತಿಕೆಗೆ ನಾನೇ ತಲೆದೂಗಿದೆ.

ಓಬಳಾಚಾರಿ ಸಮುದ್ರ ನೋಡಿದವರಲ್ಲ. ಚಿತ್ರವನ್ನು ನೆಲದ ಮೇಲೆ ಹರಡಿ, ಕನ್ನಡಕವನ್ನು ಹಣೆಗೇರಿಸಿ, ಅದರ ಸುತ್ತ ಹೆಬ್ಬೆರಳು ಓಡಿಸಿದರು. “ಅಲೆ ಅಂದ್ರೆ ಹಾಸು ಇದ್ದಂಗೆ. ಇದು ಲಾಳಿ. ಅಷ್ಟೇ ಅಲ್ಲೇನ್ ಸಾರ್?” ಅಂದರು. ನಾನು ಒಂದು ತಿಂಗಳು ತೊಟ್ಟಿಯ ಮುಂದೆ ಕೂತು ತಿಳಿದದ್ದನ್ನು ಅವರು ಕೂತಲ್ಲೇ ತಿಳಿದರು. ಹೊಟ್ಟೆ ಚಪ್ಪಟೆ ಯಾಕೆ, ಅಂಚು ಗುಂಡಗೆ ಯಾಕೆ, ಮೂತಿಯ ಹತ್ತಿರ ಅಗಲ ಯಾಕೆ ಎಂದು ನನಗೇ ವಿವರಿಸಿದರು. ಮರ ಬೂರುಗದ್ದು. “ಮಗ್ಗಕ್ಕೆ ಬರಲ್ಲ ಇದು, ಬಲ ಇಲ್ಲ. ನಿಮಗೆ ಹಗುರ ಬೇಕಲ್ಲ, ಇದೇ ಸರಿ” ಎಂದು ಒಣಗಿದ ಹಲಗೆಗಳನ್ನು ಅವರೇ ಹುಡುಕಿದರು. ನಾಲ್ಕು ಭಾನುವಾರ ನಾನು ಹೋಗಿ ನೋಡಿಬಂದೆ. ಪ್ರತಿ ಸಲವೂ ಅದು ಇನ್ನಷ್ಟು ಮೀನಾಗಿತ್ತು.

ಐದನೆಯ ಭಾನುವಾರ ಆಚಾರ್ರು ಬಾಲದ ಹತ್ತಿರ ಕೈ ನಿಲ್ಲಿಸಿ ಕೂತಿದ್ದರು. “ಸಾರ್, ನಿಮ್ ಚಿತ್ರದಾಗೆ ಎಲ್ಲಾ ಸರಿ ಐತೆ. ಇದೊಂದು ತಪ್ಪೈತೆ. ಸೀಳು ಬಿಟ್ಟವ್ರೆ. ಸೀಳಿದ್ರೆ ನೂಲು ಸಿಕ್ಕಂತೈತೆ. ನಮ್ ಲಾಳಿ ನೋಡ್ರಿ, ಎರಡೂ ಕಡೆ ಮೂತಿ. ಯಾಕೆ ಹೇಳ್ರಿ?” ಅವರು ತಮಗೆ ಸಲೀಸಾದ ತೆಲುಗಿಗೆ ಹೊರಳಿದರು. “ಪೋಯಿಂದಿ ರಾವಾಲ ಗದಾ.” ಹೋದದ್ದು ಬರಬೇಕಲ್ಲವೇ ಎಂದರ್ಥ.

ಬಾಲ ಯಾಕೆ ಸೀಳಿರಬೇಕು ಎಂಬುದು ನನಗೆ ಬಾಯಿಪಾಠವಾಗಿತ್ತು. ವಾಮನಣ್ಣನ ಕಾಗದ ಜೇಬಿನಲ್ಲೇ ಇತ್ತು. ತೆಗೆದು ಓದಿ ಹೇಳಿದ್ದರೆ ಆಚಾರ್ರು ಮರುಮಾತಿಲ್ಲದೆ ಸೀಳು ಬಿಡುತ್ತಿದ್ದರು. ಆದರೆ ಆ ಒಂದು ಮಾತು ನನ್ನ ಎದೆಯಲ್ಲಿ ಎಲ್ಲೋ ಹೋಗಿ ಕೂತುಬಿಟ್ಟಿತು. ಆರು ವರ್ಷ ಚಪ್ಪಲಿ ಹಿಡಿದು ನಿಂತು ನಾನು ಬೇಡಿಕೊಂಡದ್ದಾದರೂ ಇನ್ನೇನನ್ನು? “ಮುಚ್ಚಿಬಿಡ್ರಿ ಆಚಾರ್ರೇ” ಅಂದೆ. ಬಾಲದ ಎರಡು ತುದಿಗಳ ನಡುವಿನ ಸಂದಿನಲ್ಲಿ ಮರ ಉಳಿಯಿತು, ಹಿಂದೆಯೂ ಒಂದು ನುಣುಪಾದ ಮೂತಿ ಬಂತು. ಬಹಳ ಚೆಂದ ಕಂಡಿತು. ಬಸ್ಸಿನ ಟಾಪಿನ ಮೇಲೆ ಹಾಕಿಸುವಾಗ ಕಂಡಕ್ಟರು “ಯಾವ ದೇವ್ರದು ಸಾರ್ ಇದು?” ಎಂದು ಕೇಳಿ, ಚಪ್ಪಲಿ ಬಿಟ್ಟು ಹತ್ತಿ ಕಟ್ಟಿದ. ನಾನು ತಿದ್ದಲು ಹೋಗಲಿಲ್ಲ.

ಶೈಲಾ ಪರೀಕ್ಷೆ ಮುಗಿಸಿ ಬಂದಾಗ ಹಲಗೆ ಪಡಸಾಲೆಯಲ್ಲಿ ಎರಡು ದಿಂಬುಗಳ ಮೇಲೆ ಮಲಗಿತ್ತು. ಅವಳು ಚೀಲ ಇಳಿಸದೆಯೇ ಅದರ ಪಕ್ಕ ಮಂಡಿಯೂರಿ ಕೂತಳು. ಮೂತಿಯಿಂದ ಶುರು ಮಾಡಿ ಅಂಚಿನ ಉದ್ದಕ್ಕೂ ಕೈ ಆಡಿಸುತ್ತಾ ಹೋದಳು. ವರ್ಷದಿಂದ ನಾನು ಕಾಣದಿದ್ದ ನಗು ಅವಳ ಮುಖದ ಮೇಲೆ ಬಂತು. ನನ್ನ ಹೆಂಡತಿ ಜಯಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಶೈಲಾಳ ಕೈ ಬಾಲದ ಹತ್ತಿರ ಬಂದು ನಿಂತಿತು.

“ಅಪ್ಪ, ಬಾಲ?”

ನಾನು ಆಚಾರ್ರ ಲಾಳಿಯ ವಿಚಾರವನ್ನೆಲ್ಲ ಹೇಳಿದೆ. ಹೋದದ್ದು ಬರಬೇಕು ಎನ್ನುವುದನ್ನೂ ಹೇಳಿದೆ. ಅವಳು ಸಾವಧಾನವಾಗಿ ಕೇಳಿದಳು. “ಲಾಳಿ ತಾನಾಗೇ ವಾಪಸ್ ಬರಲ್ಲಪ್ಪ. ಆ ಕಡೆಯಿಂದ ಯಾರೋ ತಳ್ತಾರೆ. ಅಲೆ ಮೇಲೆ ಯಾರಿರ್ತಾರೆ? ನಾನೇ ತಿರುಗ್ಬೇಕು. ಬಾಲ ಸೀಳಿದ್ರೇನೇ ತಿರುಗೋದು. ಇದು ನೆಟ್ಟಗೆ ಹೋಗ್ತೈತೆ ಅಷ್ಟೆ.” ಆಮೇಲೆ ನನ್ನ ಮುಖ ನೋಡಿದಳು. ಏನು ಕಂಡಿತೋ, ಎದ್ದು ಚೀಲ ಇಳಿಸಿ, “ಪರವಾಗಿಲ್ಲ ಬಿಡಪ್ಪ. ಚೆನ್ನಾಗೈತೆ” ಅಂದಳು.

ಅದೇ ದನಿ. ಪೇಡವನ್ನು ಡಬ್ಬಿಗೆ ಹಾಕಿದಾಗಿನ ದನಿ. ತಪ್ಪು ಆಚಾರ್ರದು ಎಂದು ಅವಳು ತಿಳಿದಿದ್ದಳು. ರಾತ್ರಿ ನಾನು ಅನ್ನ ಮುಂದಿಟ್ಟುಕೊಂಡು ಕೂತೆ, ಇಳಿಯಲಿಲ್ಲ. ಕುಚ್ಚಲಕ್ಕಿಯೇನೂ ಆಗಿರಲಿಲ್ಲ. ಕೊನೆಗೆ ಹೇಳಿಬಿಟ್ಟೆ. “ಆಚಾರ್ರು ಕೇಳಿದ್ರು ಕಣವ್ವಾ. ಮುಚ್ಚು ಅಂದಿದ್ದು ನಾನೇ. ನೀನು ಆ ಕಡೆಗೇ ಹೋಗಿಬಿಡ್ತೀಯ ಅನ್ನೋ ಹೆದ್ರಿಕೆ.” ಜಯಮ್ಮ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು. “ಸರಿ ಹೋಯ್ತು. ಹೆದ್ರಿಕೆ ನಿಮಗೆ, ಮುಳುಗೋದು ಅವಳಾ? ಎದ್ದೇಳ್ರಿ. ಗರಗಸ ಅಟ್ಟದ ಮ್ಯಾಲೈತೆ” ಅಂದಳು.

ಮರುದಿನ ಬೆಳಿಗ್ಗೆ ಹತ್ತರ ಬಸ್ಸಿಗೆ ಶೈಲಾ ಹೊರಡಬೇಕಿತ್ತು. ಮೊಳಕಾಲ್ಮೂರಿಗೆ ಹೋಗಿ ಬರುವಷ್ಟು ಸಮಯವಿರಲಿಲ್ಲ. ಕಾಫಿ ಕುಡಿದು ಅಂಗಳದಲ್ಲಿ ಹಲಗೆ ಇಟ್ಟುಕೊಂಡು, ವಾಮನಣ್ಣನ ಚಿತ್ರ ನೋಡಿ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಜಯಮ್ಮ ಮೂತಿಯ ಕಡೆ ಅದುಮಿ ಹಿಡಿದಳು. ಶೈಲಾ ಪಕ್ಕದಲ್ಲಿ ಕೂತು “ನಿಧಾನ, ನಿಧಾನ” ಎನ್ನುತ್ತಿದ್ದಳು. ಬೂರುಗ ಮೆತ್ತಗಿನ ಮರ, ನನ್ನ ಕೈಗೂ ಕೊಯ್ಯಿಸಿಕೊಂಡಿತು. ಎರಡು ಗೆರೆ ಕೂಡಿದಲ್ಲಿ ತ್ರಿಕೋನದ ತುಂಡು ಕಳಚಿ ನೆಲಕ್ಕೆ ಬಿತ್ತು. ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಬೆರಳು ಗಿಡ್ಡವಾಗಿತ್ತು. ಶೈಲಾ ಸೀಳಿನಲ್ಲಿ ಕೈಯಿಟ್ಟು ನೋಡಿದಳು, ನನ್ನನ್ನು ನೋಡಿದಳು. ಈ ಸಲ “ಪರವಾಗಿಲ್ಲ” ಅನ್ನಲಿಲ್ಲ. “ಈಗ ಮೀನಾಯ್ತು ಕಣಪ್ಪ” ಅಂದಳು. ಬಸ್ಸು ಹೊರಟಾಗ ಟಾಪಿನ ಮೇಲಿಂದ ಆ ಸೊಟ್ಟ ಬಾಲ ನನ್ನ ಕಡೆಗೇ ತಿರುಗಿತ್ತು.

ಹದಿನೈದು ದಿನ ಬಿಟ್ಟು ವಾಮನಣ್ಣ ಫೋನು ಮಾಡಿದರು. “ಎಂತ ಓಟ ಮಾರಾಯ್ರೇ ಅದು! ಎಡಗಡೆಗೆ ಬೆಣ್ಣೆ ಹಾಗೆ ತಿರುಗ್ತದೆ. ಬಲಗಡೆಗೆ ಮಾತ್ರ ಸ್ವಲ್ಪ ಹಠ. ನಾನು ಸರಿಮಾಡಿ ಕೊಡ್ತೇನೆ ಅಂದೆ, ನಿಮ್ಮ ಮಗಳು ಬೇಡ ಅಂತಾಳೆ. ಅಪ್ಪನ ಕೈದು, ಹಾಗೇ ಇರ್ಲಿ ಅಂತ.” ಫೋನು ಇಟ್ಟ ಮೇಲೆ ನಾನು ಏನು ಮಾಡಿದೆ ಎಂದು ಕೇಳಿದರೆ, ಅತ್ತುಬಿಟ್ಟೆ ಎಂದೇ ಹೇಳಬೇಕು.

ಆ ತ್ರಿಕೋನದ ತುಂಡನ್ನು ಬಿಸಾಡಲು ಮನಸ್ಸಾಗದೆ ಕಚೇರಿಗೆ ತಂದು ಮೇಜಿನ ಮೇಲಿಟ್ಟಿದ್ದೆ. ಬೋರಯ್ಯ ಬಂದವನು ಅದನ್ನು ಕೈಯಲ್ಲಿ ತೂಗಿ “ಇದೇನ್ ಸಾರ್?” ಅಂದ. “ಮೀನಿಂದು” ಅಂದೆ. “ಮೀನೆಲ್ಲೈತೆ?” “ಸಮುದ್ರದಾಗೈತೆ.” ಅವನು ಇನ್ನೇನೂ ಕೇಳಲಿಲ್ಲ. ಕೆರೆಯ ನೀರಿನ ವಿಷಯದಲ್ಲಿ ನನ್ನಿಂದ ಒಮ್ಮೆ ಮೋಸಹೋದವನು. ಬಗ್ಗಿ, ನಾನು ಬಂದಾಗಿನಿಂದ ಕುಂಟುತ್ತಿದ್ದ ನನ್ನ ಮೇಜಿನ ಕಾಲಿನ ಕೆಳಗೆ ಆ ತುಂಡನ್ನು ಸಿಕ್ಕಿಸಿ, ಅಲುಗಾಡಿಸಿ ನೋಡಿ, “ಸರಿಯಾಗಿ ಕೂತ್ಕಂತು ನೋಡ್ರಿ” ಅಂದ. ನಿಜ, ಅಂದಿನಿಂದ ಮೇಜು ಅಲುಗಲಿಲ್ಲ. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಈ ಕೈಗೆ ದಕ್ಕಿದ ಮೀನು ಅದೊಂದೇ, ಅದೂ ಆ ಮೀನಿನಲ್ಲಿ ಇರಬಾರದಾಗಿದ್ದ ಭಾಗ.