ಗುರುವಾರದ ಹರಳು

ನಗೆಪಾಟಲಾಗುವ ಯೋಗ ನನ್ನ ಜಾತಕದಲ್ಲೇ ಇದೆ. ಮೈಸೂರು ಬಿಟ್ಟು ಕತಾರಿಗೆ ಹೋದರೆ ಅದು ನನಗಿಂತ ಮೊದಲೇ ಹೋಗಿ ಕಾದಿತ್ತು.

೧. ಮೂರೇ ಮಾತು

ಕೆಲಸ ದೋಹಾದ ಒಂದು ಕಲ್ಲು ಪರೀಕ್ಷೆಯ ಲ್ಯಾಬಿನಲ್ಲಿ. ತೈಲಬಾವಿಯ ಆಳದಿಂದ ತೆಗೆದ ಸುಣ್ಣಕಲ್ಲು, ಡೋಲೊಮೈಟುಗಳ ತೆಳು ಚೂರನ್ನು ಮೈಕ್ರೋಸ್ಕೋಪಿನಲ್ಲಿಟ್ಟು ಹರಳುಗಳ ಆಕಾರ ಬರೆಯಬೇಕು. ಮುಖಗಳೆಲ್ಲ ನೆಟ್ಟಗಿದ್ದರೆ 'ಪೂರ್ಣ', ಕೆಲವು ಮಾತ್ರ ಇದ್ದರೆ 'ಅರೆ', ಒಂದೂ ಇಲ್ಲದಿದ್ದರೆ 'ನಿರಾಕಾರ'. ಆರು ತಿಂಗಳಿಗೆ ಕೆಲಸ ಕಾಯಂ ಆದರೆ ಮಾತ್ರ ಹೆಂಡತಿಯನ್ನು ಕರೆಸಿಕೊಳ್ಳಬಹುದು ಎಂಬುದು ಕಂಪನಿಯ ನಿಯಮ. ಮದುವೆಯಾಗಿ ಆಗಿನ್ನೂ ಎರಡೇ ತಿಂಗಳು. ಫೋನ್ ಕಾರ್ಡ್ ಗೀರಿ ಮಾತಾಡಿದಾಗಲೆಲ್ಲ ಅವಳದು ಒಂದೇ ಪ್ರಶ್ನೆ, "ಯಾವಾಗ?"

ಉತ್ಸಾಹದಲ್ಲಿ ಮೊದಲ ದಿನವೇ ಒಂದು ಹರಳಿಗೆ 'ಬಹಳ ಮುದ್ದಾಗಿದೆ' ಎಂದು ಬರೆದೆ. ಈಜಿಪ್ಟಿನ ಮೇಲಧಿಕಾರಿ ಓದಿ ಕನ್ನಡಕ ತೆಗೆದರು.

"ನಿನ್ನನ್ನು ಕರೆಸಿದ್ದು ಆಕಾರ ಹೇಳೋದಕ್ಕೆ. ಸಂಬಂಧ ಕುದುರಿಸೋದಕ್ಕಲ್ಲ."

೨. ಸಕ್ಕರೆಯ ತರಬೇತಿ

ಪಕ್ಕದ ಮೇಜಿನ ಉಡುಪಿಯವರು ಮರುಕಪಟ್ಟು, "ಸ್ವಲ್ಪ ಅಭ್ಯಾಸ ಮಾಡುವ ಮಾರಾಯ್ರೆ" ಎಂದು ಕಲ್ಲುಸಕ್ಕರೆ ತಂದರು. ಒಂದೊಂದು ಹರಳಿನ ಆಕಾರವನ್ನೂ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ತಾಳೆ ನೋಡುವುದು. ಹೆಚ್ಚಿನವು ತಾಳೆಯಾಗಲಿಲ್ಲ. ಇನ್ನೊಮ್ಮೆ ನೋಡೋಣವೆಂದರೆ ಹರಳುಗಳೇ ಇಲ್ಲ. ವಾದ ಮಾಡುತ್ತ ಮಾಡುತ್ತ ನಾನೇ ಎಲ್ಲ ಬಾಯಿಗೆ ಹಾಕಿಕೊಂಡಿದ್ದೆ.

ಅವರು ಖಾಲಿ ಪೊಟ್ಟಣ ಮಡಿಸಿದರು. "ಬಾವಿಯ ಕಲ್ಲು ಸಿಹಿ ಇಲ್ಲದ್ದು ಕಂಪನಿಯ ಪುಣ್ಯ ಮಾರಾಯ್ರೆ."

೩. ಐದು ದಿನದ ಬೆಳವಣಿಗೆ

ಆರನೇ ತಿಂಗಳು ಮೇಲಧಿಕಾರಿ ಒಳಗೆ ಕರೆದರು. ಹಿಂದಿನ ಎರಡು ವಾರ, ದಿನಕ್ಕೊಂದು ಹೊಸ ನಂಬರ್ ಅಂಟಿಸಿ ನನಗೆ ಒಂದೇ ಕಲ್ಲನ್ನು ಕೊಟ್ಟಿದ್ದರಂತೆ! ಶುಕ್ರವಾರ, ಶನಿವಾರದ ರಜೆ ಮುಗಿಸಿ, ನಾನಿದ್ದ ಅಲ್ ಖೋರ್‌ನಿಂದ ಕಂಪನಿ ಬಸ್ಸಿನಲ್ಲಿ ತೂಕಡಿಸುತ್ತ ಬಂದಿಳಿದ ಭಾನುವಾರ ಬೆಳಿಗ್ಗೆ ನಾನು ಬರೆದದ್ದು 'ನಿರಾಕಾರ'. ಮಂಗಳವಾರ 'ಅರೆ'. ರಜೆಯ ಹಿಂದಿನ ಗುರುವಾರ ಮಧ್ಯಾಹ್ನ 'ಪೂರ್ಣ'.

"ಕೋಟಿ ವರ್ಷ ಸುಮ್ಮನೆ ಬಿದ್ದಿದ್ದ ಕಲ್ಲು, ನಿನ್ನ ಕೈಗೆ ಬಂದು ಐದೇ ದಿನಕ್ಕೆ ಬೆಳೆದುಬಿಟ್ಟಿತು!"

ಊರಲ್ಲಿ ಹೆಂಡತಿ ಆಗಲೇ ಸೂಟ್‌ಕೇಸ್ ತುಂಬಿಟ್ಟಿದ್ದಳು. "ಖಲಾಸಾ ಸರ್?" ಎಂದೆ.

"ಎರಡು ವಾರವೂ ಅದೇ ಕ್ರಮ. ನಿನ್ನ ತಪ್ಪಿಗಾದರೂ ಒಂದು ನಿಯಮ ಇದೆ, ನಿಯಮ ಇದ್ದರೆ ತಿದ್ದಬಹುದು. ಯಲ್ಲಾ, ನಡಿ, ಹೆಂಡತಿಯನ್ನು ಕರೆಸಿಕೋ. ಗುರುವಾರ ಮಧ್ಯಾಹ್ನ ಮಾತ್ರ ಮೈಕ್ರೋಸ್ಕೋಪ್ ಮುಟ್ಟಬೇಡ" ಎಂದು ಸಹಿ ಹಾಕಿದರು.

ಅವಳು ಬಂದ ಮೇಲೆ ಈ ಕಥೆಯನ್ನೆಲ್ಲ ಹೇಳಿದ್ದು ನನ್ನ ದಡ್ಡತನ. ಆ ವಾರವೇ ದೋಹಾದ ಮುಶೈರಿಬ್ ಬಡಾವಣೆಗೆ ಊಟಕ್ಕೆ ಹೊರಟಾಗ ಹೊಸ ಸೀರೆಯುಟ್ಟು ನಿಂತು, "ಹೇಗ್ ಕಾಣ್ತೀನ್ರೀ?" ಎಂದಳು.

ಅಭ್ಯಾಸಬಲದಿಂದ "ಪೂರ್ಣ!" ಎಂದೆ.

"ಇವತ್ತು ಗುರುವಾರ. ಭಾನುವಾರ ಬೆಳಿಗ್ಗೆ ಇನ್ನೊಂದ್ಸಲ ಕೇಳ್ತೀನಿ" ಎಂದಳು.