ಹಗಲಲ್ಲಿ ದೀಪ ಹಚ್ಚಿದ ಜೀಪು

ಜೀಪಿನೊಳಗಿನ ಬೆಂಕಿಪೆಟ್ಟಿಗೆಯಷ್ಟಿರುವ ಆ ಡಬ್ಬಿ ಸುಡುವುದಕ್ಕೆ ವರ್ಷದಲ್ಲಿ ಬೇಕಾದಷ್ಟು ದಿನಗಳಿದ್ದವು. ಅದು ಆರಿಸಿಕೊಂಡದ್ದು ಮಾತ್ರ ಮಹಾರುದ್ರಪ್ಪನವರು ಓಂಪ್ರಕಾಶನ ಮನೆ ನೋಡಲು ಹೊರಟ ದಿನವನ್ನು.

ಮಹಾರುದ್ರಪ್ಪನವರದು ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿ. ಅವರ ಮಗಳು ಮನೀಷಾಳನ್ನು ನೋಡಿ ಹೋದಾಗಿನಿಂದ ಹುಮನಾಬಾದಿನ ಓಂಪ್ರಕಾಶನಿಗೆ ಊಟ ಸೇರುತ್ತಿರಲಿಲ್ಲ. ಹುಡುಗಿಗೂ ಮನಸ್ಸಿತ್ತು. ಉಳಿದದ್ದು ಅಪ್ಪನ ಒಪ್ಪಿಗೆ. ಆ ಅಪ್ಪನೋ, ಮೋಟರ್‌ಸೈಕಲ್ಲು ಎರಡನೇ ಒದೆತಕ್ಕೂ ಚಾಲೂ ಆಗಲಿಲ್ಲವೆಂದು ಹಿಂದಿನ ವರನನ್ನು ಬಾಗಿಲಿನಿಂದಲೇ ಕಳಿಸಿಕೊಟ್ಟವರು. ಗಾಡಿಯನ್ನೇ ನೆಟ್ಟಗೆ ಇಟ್ಟುಕೊಳ್ಳದವನು ಸಂಸಾರವನ್ನೇನು ಇಟ್ಟುಕೊಂಡಾನು ಎಂಬುದು ಅವರ ವಾದ. ಓಂಪ್ರಕಾಶನಿಗೆ ಬಾಡಿಗೆಗೆ ಓಡಿಸುವ ಆ ಜೀಪು ಬಿಟ್ಟರೆ ಬೇರೆ ಆಸ್ತಿ ಇರಲಿಲ್ಲ.

ಮಾವನಾಗುವವರನ್ನು ತಾನೇ ಕರೆತರುತ್ತೇನೆಂದು ಮುಂಜಾನೆ ಬಸವಕಲ್ಯಾಣಕ್ಕೆ ಬಂದವನ ಮೂಗಿಗೆ ಕೊಳೆತ ತತ್ತಿಯ ವಾಸನೆ ಬಡಿಯಿತು. ಬಾನೆಟ್ ಎತ್ತಿದರೆ ಬ್ಯಾಟರಿ ಕೊತಕೊತ ಕುದಿಯುತ್ತಿತ್ತು. ಗಾಡಿಗಳ ಕರೆಂಟಿನ ಕೆಲಸ ಮಾಡುವ ಮಹೆಬೂಬ ಬಂದು ನೋಡಿ, ರೆಗ್ಯುಲೇಟರ್ ಡಬ್ಬಿ ಸುಟ್ಟಿದೆ ಎಂದ. ಹಾಗೆಂದರೇನು ಎಂದು ಓಂಪ್ರಕಾಶ ಕೇಳಿದ.

“ಮದುವಿ ಊಟದಾಗ ಹುಗ್ಗಿ ಬಡಸ್ಕೋತ ಬರ್ತಾರ. ಉಣ್ಣಾಂವ ಎಲಿ ಮ್ಯಾಲ ಕೈ ಅಡ್ಡ ಹಿಡದು ಸಾಕು ಅಂತಾನ. ಆ ಕೈನೇ ರೆಗ್ಯುಲೇಟರ್” ಎಂದ ಮಹೆಬೂಬ. “ಈಗ ಕೈ ಸುಟ್ಟದ. ಕರೆಂಟ್ ಮಾಡೋ ಡೈನಮೋ ಬಡಸಾಕತ್ತದ, ಬ್ಯಾಟರಿ ಉಣ್ಣಾಕತ್ತದ. ಇಂಜಿನ್ ಜೋರ್ ಆದಷ್ಟು ಬಡಸಾಂವನ ಸೌಟೂ ಜೋರ್.”

ಹೊಸದು ಇಲ್ಲಿ ಸಿಗುವುದಿಲ್ಲ, ಹುಮನಾಬಾದಿನ ಸಂಜೀವಕುಮಾರನ ಅಂಗಡಿಯಲ್ಲೇ ಸಿಗಬೇಕು. ಡೈನಮೋದ ವೈರು ಕಿತ್ತಿಟ್ಟು ಹೋಗಬಹುದು. ಆದರೆ ಬೆಂದುಹೋದ ಬ್ಯಾಟರಿ, ದಾರಿಯಲ್ಲಿ ಇಂಜಿನ್ ನಿಂತರೆ ಮತ್ತೆ ಚಾಲೂ ಆಗದು. ಈ ಮಾತು ಕೇಳಿ ಓಂಪ್ರಕಾಶನ ಕಣ್ಣಮುಂದೆ ಆ ಮೋಟರ್‌ಸೈಕಲ್ಲಿನ ವರ ಬಂದು ನಿಂತ. ಬೇರೆ ಉಪಾಯ ಕೇಳಿದ. ಉಣ್ಣುವವರ ಪಂಕ್ತಿ ದೊಡ್ಡದು ಮಾಡಬೇಕು ಎಂದ ಮಹೆಬೂಬ. ಅಂದರೆ ಲೈಟು, ವೈಪರು, ಟೇಪು ಎಲ್ಲ ಚಾಲೂ ಇಟ್ಟು, ಆಕ್ಸಿಲರೇಟರ್ ಒತ್ತದೆ ಮೆಲ್ಲಗೆ ಹೋಗಬೇಕು.

ಹಣೆತುಂಬ ವಿಭೂತಿ ಹಚ್ಚಿಕೊಂಡು ಮಹಾರುದ್ರಪ್ಪನವರು ಹೊರಗೆ ಬಂದಾಗ ಬೇಸಿಗೆಯ ಬಿಸಿಲು ಸುರಿಯುತ್ತಿತ್ತು. ಆ ಬಿಸಿಲಿನಲ್ಲಿ ಜೀಪಿನ ಎರಡೂ ದೀಪಗಳು ಉರಿಯುತ್ತಿದ್ದವು. ಒಣ ಗಾಜಿನ ಮೇಲೆ ವೈಪರು ಕಿರುಗುಟ್ಟುತ್ತಿತ್ತು. ಟೇಪಿನಲ್ಲಿ ಭಜನೆ.

“ತಮ್ಮಾ, ಲೈಟ್ ಹಂಗೇ ಉರಿಯಾಕತ್ತಾವಲ್ಲ.”

ಖರೆ ಹೇಳುವುದಕ್ಕೆ ಅದು ಒಳ್ಳೆಯ ಸಮಯವಾಗಿತ್ತು. ಆದರೆ ಪ್ರೀತಿಯಲ್ಲಿ ಬಿದ್ದವನ ಬಾಯಿ ಅವನ ಮಾತು ಕೇಳುವುದಿಲ್ಲ.

“ಹರಕಿ ಅದರಿ” ಎಂದುಬಿಟ್ಟ ಓಂಪ್ರಕಾಶ. “ವೀರಭದ್ರ ದೇವರಿಗೆ ಬೇಡ್ಕೊಂಡೀನಿ. ಗಾಡಿ ಚಾಲೂ ಇರೋತನಕ ದೀಪ ಆರಸಂಗಿಲ್ಲ.”

ಮಹಾರುದ್ರಪ್ಪನವರು ಅವನನ್ನೊಮ್ಮೆ, ವೈಪರನ್ನೊಮ್ಮೆ ನೋಡಿದರು. ಅದಕ್ಕೂ ಒಂದು ಹರಕೆ ಹುಟ್ಟಿಸಲು ಓಂಪ್ರಕಾಶ ತಡವರಿಸುತ್ತಿರುವಾಗ ಅವರೇ ಕೈಯೆತ್ತಿ ತಡೆದರು. “ತಿಳೀತು, ಹೇಳಬ್ಯಾಡ್ರಿ. ಕಣ್ಣಿಗೆ ಕಾಣೋ ಧೂಳು ಯಾರ್ ಬೇಕಾದ್ರೂ ಒರಸ್ತಾರ. ಕಾಣದ ಧೂಳು ಒರಸಾಂವ ಒಬ್ಬ ಬೇಕು.”

‘ತಮ್ಮಾ’ ಹೋಗಿ ‘ಬ್ಯಾಡ್ರಿ’ ಎಂಬ ಬಹುವಚನ ಬಂದದ್ದನ್ನು ಓಂಪ್ರಕಾಶ ಗಮನಿಸಿದ. ಅರ್ಧ ಮದುವೆಯಾದಂತೆಯೇ ಅನ್ನಿಸಿತು.

ಹೆದ್ದಾರಿಗೆ ಬಿದ್ದದ್ದೇ ತಡ, ಊರ ಉಸಾಬರಿ ಶುರುವಾಯಿತು. ನಮ್ಮ ಜನ ಪಕ್ಕದ ಮನೆಗೆ ಬೆಂಕಿ ಬಿದ್ದರೂ ಚಾ ಮುಗಿಸಿಯೇ ಏಳುತ್ತಾರೆ. ಹಗಲಲ್ಲಿ ಲೈಟು ಹಚ್ಚಿಕೊಂಡ ಗಾಡಿ ಕಂಡರೆ ಮಾತ್ರ ಜೀವ ತಡೆಯುವುದಿಲ್ಲ. ಎದುರು ಬಂದ ಲಾರಿಯವರು, ಸೈಕಲ್ಲಿನವರು, ಕೊಡ ಹೊತ್ತ ಹೆಂಗಸರು, ಎಲ್ಲರೂ ಐದು ಬೆರಳು ಕೂಡಿಸಿ ಬಿಚ್ಚಿ, ಕೂಡಿಸಿ ಬಿಚ್ಚಿ ಲೈಟು ಉರಿಯುತ್ತಿದೆ ಎಂದು ತೋರಿಸಿದರು. ನೋಡಿದೆ ಎಂದು ತಿಳಿಸದಿದ್ದರೆ ಅಡ್ಡ ನಿಂತೇ ಹೇಳುತ್ತಾರೆಂದು ಓಂಪ್ರಕಾಶ ಪ್ರತಿಯೊಬ್ಬರಿಗೂ ಕೈ ಎತ್ತುತ್ತ ಹೋದ. ಈ ಭಾಗದಲ್ಲಿ ಇವನಿಗೆ ಇಷ್ಟು ಭಕ್ತರಿದ್ದಾರೆ, ಒಬ್ಬರಿಗೂ ಆಶೀರ್ವಾದ ತಪ್ಪಿಸುವುದಿಲ್ಲ ಎಂದು ಮಹಾರುದ್ರಪ್ಪನವರು ಮನಸ್ಸಿನಲ್ಲೇ ಬರೆದುಕೊಂಡರು.

ಕಬ್ಬು ಹೇರಿದ ಟ್ರ್ಯಾಕ್ಟರು ಅವರನ್ನು ಹಿಂದೆ ಹಾಕಿತು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೂ ಹಿಂದೆ ಹಾಕಿತು. ಓಂಪ್ರಕಾಶ ಆಕ್ಸಿಲರೇಟರ್ ಒತ್ತಲೇ ಇಲ್ಲ. ಯಾರಿಗಿಂತಲೂ ಮುಂದೆ ಹೋಗಬೇಕೆಂಬ ಆಸೆ ಇಲ್ಲದವನನ್ನು ತಾವು ಈ ವಯಸ್ಸಿನಲ್ಲಿ ಮೊದಲ ಸಲ ನೋಡುತ್ತಿರುವುದಾಗಿ ಮಹಾರುದ್ರಪ್ಪನವರು ಹೇಳಿದರು.

ದಾರಿಯಲ್ಲಿ ರಾಜೇಶ್ವರ ಊರಿನಲ್ಲಿ ಚಾ ಕುಡಿಯಲು ನಿಂತರು. ಇಂಜಿನ್ ಆರಿಸುವಂತಿಲ್ಲ, ಹಾಗೇ ಬಿಟ್ಟಿದ್ದ. ಹೋಟೆಲಿನ ಖಮರುದ್ದೀನ್ ಒಳ್ಳೆಯ ಮನುಷ್ಯ. ಕೇಡು ಯಾವಾಗಲೂ ಒಳ್ಳೆಯವರಿಂದಲೇ ಬರುತ್ತದೆ. ಗಿರಾಕಿಯ ಬ್ಯಾಟರಿ ಹಾಳಾಗಬಾರದೆಂದು ಕಿಟಕಿಯೊಳಗೆ ಕೈ ಹಾಕಿ ಲೈಟು, ವೈಪರು ಎರಡನ್ನೂ ಬಂದ್ ಮಾಡಿದ. ಓಂಪ್ರಕಾಶ ನೋಡದೆ ಹತ್ತಿ ಗಾಡಿ ಎಳೆದ. ಪಂಕ್ತಿಯೆಲ್ಲ ಎದ್ದುಹೋಗಿ, ಇದ್ದ ಹುಗ್ಗಿಯಷ್ಟೂ ಟೇಪಿನ ಎಲೆಗೆ ಬಿತ್ತು. ಅದು ಒಮ್ಮೆ ಕಿರುಚಿ, ಹೊಗೆ ಉಗುಳಿ ಸುಮ್ಮನಾಯಿತು. ಓಂಪ್ರಕಾಶ ಗಾಬರಿಯಿಂದ ಲೈಟು ಹಚ್ಚಿದ. ಪುಣೆಯಿಂದ ಆಸೆಪಟ್ಟು ತರಿಸಿದ ಟೇಪು. ಅವನ ಕಣ್ಣಲ್ಲಿ ನೀರೇ ಬಂತು.

“ಒಂದು ಗಳಿಗಿ ದೀಪ ಆರಿದ್ದಕ್ಕ ಕಣ್ಣಾಗ ನೀರು” ಎಂದರು ಮಹಾರುದ್ರಪ್ಪನವರು. ಆಮೇಲೆ ಕೈಮುಗಿದು, “ಅಪ್ಪಾವ್ರೇ, ಸಮಾಧಾನ ಮಾಡ್ಕೋರಿ” ಎಂದರು.

ನಮ್ಮ ಕಡೆ ಅಪ್ಪಾವ್ರು ಎನ್ನುವುದು ಮಠದ ಸ್ವಾಮಿಗಳಿಗೆ. ಅಳಿಯನಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕೆಂದು ಓಂಪ್ರಕಾಶ ಟೇಪನ್ನೂ ಮರೆತು ಹಿಗ್ಗಿದ.

ಹುಮನಾಬಾದು ಮುಟ್ಟಿ, ಮನೆಗೆ ಹೋಗುವ ಮೊದಲು ಸಂಜೀವಕುಮಾರನ ಅಂಗಡಿಯ ಮುಂದೆ ಜೀಪು ನಿಲ್ಲಿಸಿದ. ಸಣ್ಣ ಕೆಲಸವಿದೆಯೆಂದು ಮಹಾರುದ್ರಪ್ಪನವರನ್ನು ನೆರಳಿನ ಬೆಂಚಿನ ಮೇಲೆ ಕೂರಿಸಿದ. ಸಂಜೀವಕುಮಾರ ಹೊಸ ರೆಗ್ಯುಲೇಟರ್ ಕೂರಿಸಿ, ಸುಟ್ಟದ್ದನ್ನು ಓಂಪ್ರಕಾಶನ ಕೈಗಿಟ್ಟ. ಬ್ಯಾಟರಿಯ ಕುದಿ ನಿಂತಿತು. ಓಂಪ್ರಕಾಶ ಧೈರ್ಯವಾಗಿ ಇಂಜಿನ್, ದೀಪ ಎರಡನ್ನೂ ಆರಿಸಿ ತಿರುಗಿದರೆ, ಮಹಾರುದ್ರಪ್ಪನವರು ಚಪ್ಪಲಿ ಬಿಟ್ಟು ರಸ್ತೆಯಲ್ಲೇ ಅವನ ಪಾದಕ್ಕೆ ಅಡ್ಡಬಿದ್ದಿದ್ದರು.

“ತಪ್ಪಾತ್ರಿ ಅಪ್ಪಾವ್ರೇ” ಎಂದು ಎದ್ದರು. “ನಿಮ್ಮಂಥವರನ್ನ ಸಂಸಾರಕ್ಕ ಎಳದ್ರ ನಮ್ಮ ಮನಿತನಕ್ಕ ಪಾಪ ಸುತ್ಕೋತದ. ನಮ್ಮ ಮಠಕ್ಕ ಮುಂದಿನ ಸ್ವಾಮಿಗಳನ್ನ ಹುಡಕಾಕತ್ತಾರ. ನಾನೇ ಹೋಗಿ ಹೇಳ್ತೀನಿ.”

ಓಂಪ್ರಕಾಶನಿಗೆ ಮನೀಷಾಳ ಮುಖ ನೆನಪಾಯಿತು. ಹರಕೆ ಇಲ್ಲ, ಎಲ್ಲ ಸುಳ್ಳು, ಗಾಡಿ ಕೆಟ್ಟಿತ್ತು ಎಂದು ಒಂದೇ ಉಸಿರಿಗೆ ಒಪ್ಪಿಕೊಂಡು, ಸುಟ್ಟ ಡಬ್ಬಿಯನ್ನು ಅವರ ಮುಂದೆ ಹಿಡಿದ. ಅವರು ಎರಡೂ ಕೈಯಿಂದ ಅದನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು.

“ದೊಡ್ಡವರು ತಮ್ಮ ದೊಡ್ಡತನ ಹಿಂಗೇ ಮುಚ್ಚಿಡ್ತಾರ” ಎಂದು ಡಬ್ಬಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಸಂಜೀವಕುಮಾರನಾದರೂ ಖರೆ ಹೇಳಲಿ ಎಂದು ಓಂಪ್ರಕಾಶ ಅವನ ಕಡೆ ನೋಡಿದ. ಗಾಡಿ ಕೆಟ್ಟದ್ದು ನಿಜವೆಂದು ಅವನು ಸಾಕ್ಷಿ ಹೇಳಿದ. ಈಗ ನೆಟ್ಟಗಾಗಿದೆ, ಇನ್ನು ಹತ್ತು ವರ್ಷ ತಿರುಗಿ ನೋಡಬೇಕಿಲ್ಲ ಎಂದೂ ಸೇರಿಸಿದ. ಮಹಾರುದ್ರಪ್ಪನವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮನೆತನ ಕೇಳಿದರು, ಅಂಗಡಿ ಸ್ವಂತದ್ದೇ ಎಂದು ಕೇಳಿದರು.

“ಮದುವಿ ಆಗ್ಯದೇನಪಾ?”

“ಇನ್ನೂ ಇಲ್ರಿ.”

ಮಹಾರುದ್ರಪ್ಪನವರ ಮುಖ ಅರಳಿತು. ಓಂಪ್ರಕಾಶನ ಬಲಗೈಯನ್ನು ಭಕ್ತಿಯಿಂದ ಹಿಡಿದು, ಮೊದಲ ಆಶೀರ್ವಾದ ಅಪ್ಪಾವ್ರದೇ ಆಗಲಿ ಎಂದು ಸಂಜೀವಕುಮಾರನ ತಲೆಯ ಮೇಲೆ ಇಟ್ಟರು.